ಇಸ್ತ್ರಿ ಹಾಕದ ಮಾತು

ಫೋನಿನಲ್ಲಿ ನಾನು ಭಾರಿ ಮಾತುಗಾರ್ತಿ. ‘ಓದುಮನೆ’ ಎಂಬ ನನ್ನ ಬಳಗಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಕೇಳುಗರಿದ್ದಾರೆ. ವಾರಕ್ಕೊಮ್ಮೆ ಒಂದು ಪುಸ್ತಕ ಹಿಡಿದುಕೊಂಡು ಶುರುಮಾಡಿದೆನೆಂದರೆ ಎಲ್ಲೂ ತಡೆಯಿಲ್ಲ, ನೀರು ಕುಡಿಯಲೂ ನಿಲ್ಲುವುದಿಲ್ಲ. ಅದೇ ಕೇಳುಗರಲ್ಲಿ ಒಬ್ಬರು ನಾಳೆ ಬಸ್ ಸ್ಟ್ಯಾಂಡಿನಲ್ಲಿ ಎದುರಾಗಿ ನಿಮ್ಮ ಹೆಸರೇನು ಎಂದರೆ ನನಗೆ ಬೆವರು ಬರುತ್ತದೆ. ನಾನು ಉಗ್ಗುತ್ತೇನೆ. ಹೆಸರು ದಾಕ್ಷಾಯಣಿ. ಹೆಸರಿಡುವಾಗ ಇದು ಯಾರಿಗೂ ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಸುಮಾ ಎಂದಿಟ್ಟಿದ್ದರೆ ಮನೆಯವರ ಗಂಟೇನು ಹೋಗುತ್ತಿತ್ತು!

ಫೋನಿನಲ್ಲಿ ನನ್ನನ್ನು ಕಾಯುವುದು ಇಸ್ತ್ರಿ. ಸರಕಾರಿ ಕಾಗದಗಳಲ್ಲಿ ಅದಕ್ಕೆ ‘ಧ್ವನಿ ಸಂಸ್ಕಾರಕ’ ಎಂಬ ದೊಡ್ಡ ಹೆಸರಿದೆ, ಜನ ಇಸ್ತ್ರಿ ಎನ್ನುತ್ತಾರೆ. ನೀವು ಆಡಿದ ಮಾತನ್ನು ಅದು ಕ್ಷಣಹೊತ್ತು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕೆಮ್ಮು, ಎಳೆತ, ತೊದಲು, ನಡುವಿನ ಮೌನ ಎಲ್ಲವನ್ನೂ ತೆಗೆದು, ನೀವು ಹೇಳಹೊರಟ ಪದ ಯಾವುದೆಂದು ಊಹಿಸಿ, ನಿಮ್ಮದೇ ದನಿಯಲ್ಲಿ ನಯವಾಗಿ ಆಚೆ ಕಳಿಸುತ್ತದೆ. ಮೊದಮೊದಲು ನಮ್ಮಂಥವರಿಗೆಂದೇ ಮಾಡಿದ್ದಂತೆ. ಆಮೇಲೆ ವಕೀಲರು ಹಾಕಿಕೊಂಡರು, ಮೇಷ್ಟ್ರುಗಳು ಹಾಕಿಕೊಂಡರು, ಕೊನೆಗೆ ಪ್ರೀತಿ ಮಾಡುವವರೂ ಹಾಕಿಕೊಂಡರು. ಈಗ ಫೋನಿನಲ್ಲಿ ತಡವರಿಸುವ ಒಂದು ದನಿಯೂ ಕೇಳಸಿಗುವುದಿಲ್ಲ.

ಬರವಣಿಗೆ ಯಾಕಿಲ್ಲ ಎಂದು ಕೇಳಬಹುದು. ನಮ್ಮ ಅಜ್ಜಿಯ ಕಾಲದಲ್ಲಿ ಜನ ಬರೆದೇ ಜಗಳಾಡುತ್ತಿದ್ದರು, ಬರೆದೇ ರಾಜಿಯಾಗುತ್ತಿದ್ದರು. ಯಂತ್ರಗಳು ಮನುಷ್ಯರಂತೆಯೇ ಬರೆಯತೊಡಗಿದ ಮೇಲೆ ಯಾವ ಬರಹ ಯಾರದೆಂದು ಹೇಳುವುದೇ ಕಷ್ಟವಾಯಿತು. ಜಾಹೀರಾತು ನಂಬಿ ಬದುಕಿದ್ದ ದೊಡ್ಡ ಜಾಲತಾಣಗಳು ಒಂದರ ಹಿಂದೊಂದು ಮುಚ್ಚಿದವು. ಉಳಿದ ಜನರ ಗುಂಪುಗಳನ್ನೆಲ್ಲ ಯಾರೂ ಕೇಳುವವರಿಲ್ಲದೆ ಗ್ರಂಥಾಲಯಗಳ ಮಡಿಲಿಗೆ ಹಾಕಿದರು. ಯಾರೂ ಸಾಕದ್ದನ್ನು ಗ್ರಂಥಾಲಯದವರು ಸಾಕುತ್ತಾರೆಂಬ ನಂಬಿಕೆ ಈ ದೇಶದಲ್ಲಿ ಹಳೆಯದು. ಹಾಗಾಗಿ ಗ್ರಂಥಾಲಯ ವಿಜ್ಞಾನ ಓದುವ ನಾವು ಈಗ ಪುಸ್ತಕಗಳ ಜೊತೆಗೆ ಬಳಗಗಳನ್ನೂ ವರ್ಗೀಕರಿಸಲು ಕಲಿಯುತ್ತೇವೆ. ಅಡುಗೆಯವರ ಬಳಗ, ಹಾವು ಹಿಡಿಯುವವರ ಬಳಗ, ಸೋಲುವ ತಂಡವನ್ನೇ ಬೆಂಬಲಿಸುವವರ ಬಳಗ, ಎಲ್ಲಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಅದರದರ ಕಪಾಟಿನಲ್ಲಿ ಕೂರಿಸುತ್ತೇವೆ.

ನಾನು ತರಬೇತಿಗೆ ಸೇರಿದ್ದು ಗದಗಿನ ‘ಮಾತಿನ ಭಂಡಾರ’ಕ್ಕೆ. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಸಾಲುಸಾಲು ಕಪಾಟು, ಒಂದೊಂದು ಖಾನೆಯಲ್ಲಿ ಒಂದೊಂದು ಬಳಗದ ಜೀವಂತ ನೆನಪು. ಅದನ್ನು ತಂಪಾಗಿಡಲು ಕರೆಂಟು ಬೇಕು, ನೀರು ಬೇಕು. ಬೇಸಿಗೆಯಲ್ಲಿ ಎರಡಕ್ಕೂ ತತ್ವಾರ. ಅದಕ್ಕೇ ಪ್ರತಿ ಬೇಸಿಗೆಗೆ ಮುಂಚೆ ಕಳೆ ಕೀಳುವ ಕೆಲಸ ಇರುತ್ತದೆ. ಕಳೆ ಕೀಳುವುದೆಂದರೆ ಹಳೆಯ ಗ್ರಂಥಾಲಯದ ರೂಢಿಯೇ: ಯಾರೂ ಒಯ್ಯದ ಪುಸ್ತಕ, ಬೇಡದಷ್ಟಿರುವ ಒಂದೇ ಪುಸ್ತಕದ ಪ್ರತಿಗಳು, ಇವನ್ನು ತೆಗೆದು ಜಾಗ ಮಾಡುವುದು. ಬಳಗಗಳನ್ನು ಹಾಗೆ ಬಿಸಾಡುವುದಿಲ್ಲ, ಗಾಜಿಗೆ ಕಳಿಸುತ್ತೇವೆ. ಆವರೆಗಿನ ಮಾತನ್ನೆಲ್ಲ ಒಂದು ಗಾಜಿನ ಬಿಲ್ಲೆಯ ಮೇಲೆ ಕೊರೆದಿಡುತ್ತೇವೆ. ಸಾವಿರ ವರ್ಷ ಕೆಡುವುದಿಲ್ಲ, ಯಾರು ಬೇಕಾದರೂ ಕೇಳಬಹುದು. ಆದರೆ ಅಲ್ಲಿ ಇನ್ನು ಯಾರೂ ಹೊಸ ಮಾತಾಡುವಂತಿಲ್ಲ.

ಯಾವುದು ಉಳಿಯಬೇಕು, ಯಾವುದು ಗಾಜಿಗೆ ಹೋಗಬೇಕು ಎಂದು ಮೊದಲು ತೂಗುವುದು ಯಂತ್ರ. ಇಸ್ತ್ರಿಯಾದ ಮಾತನ್ನು ತೆಗೆದುಕೊಂಡು ಅದರಲ್ಲಿ ಎಷ್ಟು ಹೊಸ ಪದ, ಎಷ್ಟು ಪ್ರಶ್ನೆ, ಎಷ್ಟು ಉತ್ತರ ಎಂದು ನೋಡಿ ಒಂದು ಅಂಕಿ ಕೊಡುತ್ತದೆ. ನಮ್ಮಂಥ ವಿದ್ಯಾರ್ಥಿಗಳು ಅದನ್ನು ಪರಿಶೀಲಿಸಿ ಒಪ್ಪಿಗೆ ಹಾಕಬೇಕು. ‘ಸಂಜೆ ಬಳಗ’ದ ಅಂಕಿ ಸೊನ್ನೆಯ ಹತ್ತಿರ ಇತ್ತು. ತೆರೆದು ನೋಡಿದರೆ ಪ್ರತಿ ಸಂಜೆ ಅದೇ ಜನ ಬಂದು ಅದೇ ಮಾತು ಆಡುತ್ತಿದ್ದಾರೆ. ‘ನನ್ನ ಹೆಸರು ಮುಮ್ತಾಜ್, ಹೊಸಪೇಟೆ. ನನ್ನ ಹೆಸರು ಟೋಪಣ್ಣ, ಕುಷ್ಟಗಿ.’ ಮಾರನೆಯ ದಿನ ಮತ್ತೆ ಮುಮ್ತಾಜ್, ಮತ್ತೆ ಟೋಪಣ್ಣ. ವರ್ಷಗಟ್ಟಲೆ ಹೀಗೆಯೇ. ಗ್ರಂಥಾಲಯ ಓದಿದವರಿಗೆ ಒಂದೇ ಪುಸ್ತಕದ ಸಾವಿರ ಪ್ರತಿ ಕಂಡರೆ ಕೈ ತುರಿಸುತ್ತದೆ. ‘ಪ್ರತಿಗಳು, ಹೊಸತಿಲ್ಲ’ ಎಂದು ನಮೂದಿಸಿ ನಾನು ಒಪ್ಪಿಗೆ ಹಾಕಿದೆ.

ಕೊರೆಯುವ ಮೊದಲು ಒಂದು ಕಡೆಯ ಶಾಸ್ತ್ರವಿದೆ. ಮೂಲ ಧ್ವನಿ ಚೆನ್ನಾಗಿದೆಯೋ ಇಲ್ಲವೋ ಎಂದು ಇಸ್ತ್ರಿಯಿಲ್ಲದೆ ಸ್ವಲ್ಪ ಕೇಳಬೇಕು. ನಿಯಂತ್ರಣ ಕೋಣೆಯ ಮುಖ್ಯಸ್ಥೆ ವೈಜಯಂತಿ ಇನಾಂದಾರ ಮೇಡಂ ಕಿವಿಗೆ ಹಾಕಿಕೊಳ್ಳುವುದನ್ನು ನನ್ನತ್ತ ನೂಕಿದರು.

“ಸ್ವಲ್ಪ ಕೇಳಿ ಮುಗಿಸಿಬಿಡ್ರಿ ದಾಕ್ಷಾಯಣಿ. ಊಟದ ಟೈಮ್ ಆತು.”

ಕೇಳಿದೆ. ಮೊದಲು ಏನೂ ಇಲ್ಲ. ಯಾರೋ ಉಸಿರು ಬಿಗಿಹಿಡಿದ ಸದ್ದು. ಆಮೇಲೆ ‘ಮ’ ಎಂಬ ಒಂದು ಅಕ್ಷರ, ತುಟಿಯ ಹಿಂದೆಯೇ ಸಿಕ್ಕಿಕೊಂಡು ಒದ್ದಾಡುತ್ತಿದೆ. ಎಷ್ಟು ಹೊತ್ತು! ಆಚೆ ಇನ್ನೂ ಹಲವರಿದ್ದಾರೆಂದು ಉಸಿರಾಟದಿಂದ ತಿಳಿಯುತ್ತಿತ್ತು. ಒಬ್ಬರೂ ಬಾಯಿ ಹಾಕಲಿಲ್ಲ. ಕಡೆಗೆ ‘ಮುಮ್ತಾಜ್’ ಎಂದು ಬಂದಾಗ ಎಲ್ಲ ದನಿಗಳೂ ಒಟ್ಟಿಗೆ “ಬಂತು!” ಎಂದವು.

ನನಗೆ ಬಂದದ್ದು ಸಿಟ್ಟು. ನಾನು ಹದಿಮೂರು ಹದಿನಾಲ್ಕರ ವಯಸ್ಸಿನಿಂದ ಮುಚ್ಚಿಟ್ಟುಕೊಂಡು ಬಂದದ್ದನ್ನು ಇವರು ದಿನಾ ಸಂಜೆ ಚಾಪೆ ಹಾಸಿ ಹರವಿಕೊಂಡು ಕೂರುತ್ತಾರಲ್ಲ, ಇವರಿಗೇನು ನಾಚಿಕೆಯಿಲ್ಲವೇ ಎನ್ನಿಸಿತು. ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಮೇಡಂ ಏನಾಯಿತೆಂದು ಕೇಳಿದರು. ತಲೆಯಾಡಿಸಿದೆ. ಹೇಗೂ ನಾನು ಮಾತಾಡದ ಹುಡುಗಿಯೆಂದು ಅವರಿಗೆ ರೂಢಿಯಾಗಿತ್ತು.

ಬೆಟಗೇರಿಯ ನಮ್ಮ ಮನೆಯೆಂದರೆ ಮುಂದಿನ ಅರ್ಧ ರೊಟ್ಟಿ ಕೇಂದ್ರ. ಅವ್ವ ಗೌರವ್ವ ಮತ್ತು ಇನ್ನಿಬ್ಬರು ಹೆಂಗಸರು ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಾರೆ. ಆ ಸದ್ದಿನಲ್ಲೇ ನಾನು ಬೆಳೆದೆ, ಬಹುಶಃ ಅದಕ್ಕೇ ಯಾರೂ ನನ್ನ ಮಾತಿಗೆ ಕಾಯಲಿಲ್ಲ. ಅವ್ವನ ಪ್ರೀತಿ ದೊಡ್ಡದು. ನಾನು ಕಷ್ಟಪಡುವುದನ್ನು ನೋಡಲಾರದೆ ಎಲ್ಲ ಮಾತನ್ನೂ ತಾನೇ ಮುಗಿಸಿಬಿಡುತ್ತಾಳೆ.

“ಅವ್ವಾ, ನಂಗ ಕ... ಕ...”

“ಕಡಬು? ನಾಳೆ ಮಾಡ್ತೀನಿ ತಗೋ. ಇವತ್ತು ಹೂರಣ ಇಲ್ಲ.”

ನಾನು ಹೇಳಹೊರಟದ್ದು ಕಳೆ ಕೀಳುವ ಕೆಲಸದ ಸುದ್ದಿ. ಮಾರನೆಯ ದಿನ ಕಡಬು ತಿಂದೆ. ಬೇಡವೆನ್ನಲು ಮತ್ತೆ ಬಾಯಿ ಬಿಡಬೇಕಲ್ಲ!

ಆದರೆ ಆ ‘ಮ’ ಕಿವಿಯಿಂದ ಹೋಗಲೊಲ್ಲದು. ಮೂರನೆಯ ಸಂಜೆ ಅಟ್ಟದ ಮೆಟ್ಟಿಲ ಮೇಲೆ ಕೂತು ಸಂಜೆ ಬಳಗಕ್ಕೆ ಹೋದೆ. ಎಂದಿನಂತೆ ಇಸ್ತ್ರಿ ಹಾಕಿಕೊಂಡೇ, “ನಮಸ್ಕಾರ, ನಾನು ಹೊಸಬಳು, ಕೇಳಿಸಿಕೊಳ್ಳಲು ಬಂದಿದ್ದೇನೆ” ಎಂದು ಪಟಪಟ ಹೇಳಿದೆ. ಆಚೆ ಯಾರೋ ಕಿಸಕ್ಕನೆ ನಕ್ಕರು.

“ಇಸ್ತ್ರಿ ಹಾ... ಹಾಕ್ಕೊಂಡ್ ಬಂದೀರೇನ್ರಿ?” ಮುಮ್ತಾಜಳ ದನಿ. ನಾನು ತಡವರಿಸಿ ಹೂಂ ಎಂದೆ; ಆ ತಡವರಿಕೆಯೂ ಅವರಿಗೆ ತಲುಪಿರಲಿಕ್ಕಿಲ್ಲ. “ಇರ್ಲಿ ಬಿಡ್ರಿ. ನಾ... ನಾನೂ ಮೊದಲ ತಿಂಗಳು ಹಂಗ ಕುಂತಿದ್ದೆ. ಕೇಳ್ರಿ. ಒಂದ ನಿ... ನಿಯಮ. ಯಾರ ಮಾತೂ ಯಾರೂ ಮುಗಿಸೂದಿಲ್ಲ.”

ಮುಮ್ತಾಜ್ ಹೊಸಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಕೌಂಟರಿಗೆ ಇಸ್ತ್ರಿ ನಡೆಯುವುದಿಲ್ಲ, ಎದುರಿಗೆ ನಿಂತವರ ಜೊತೆ ಬರಿಯ ಬಾಯಿಂದಲೇ ಮಾತಾಡಬೇಕು. ಫೋನಿನ ನಯವಾದ ಮಾತಿಗೆ ಒಗ್ಗಿದ ಜನಕ್ಕೆ ಈಗ ತಾಳ್ಮೆಯೇ ಇಲ್ಲ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಅವಳು ಹೇಳಿ ಮುಗಿಸುವುದರೊಳಗೆ ಅರ್ಧ ಜನ ಹೊರಟುಹೋಗಿರುತ್ತಿದ್ದರು. ತಪ್ಪಾಗಿ ನುಂಗಿ ಒಬ್ಬರಿಗೆ ಏನಾದರೂ ಆದರೆ ಎಂಬ ಹೆದರಿಕೆಗೆ ಅವಳು ಕೆಲಸ ಬಿಡಲು ಹೊರಟಿದ್ದಳು. ಈ ಬಳಗ ಸಿಕ್ಕ ಮೇಲೆ ಬಿಡಲಿಲ್ಲ. ಇಲ್ಲಿ ಅವಳ ಉಗ್ಗು ಹೋಗಲಿಲ್ಲ, ಅದರ ಹೆದರಿಕೆ ಹೋಯಿತು. “ಈಗ ಗಿರಾಕಿಗೆ ನಿಂದರ್ರಿ ಅಂತೀನಿ. ನಿ... ನಿಂದ್ರತಾರ,” ಎಂದಳು.

ಆ ಸಂಜೆ ನಾನು ಯೋಚಿಸಿದ್ದು ನನ್ನ ಹತ್ತು ಸಾವಿರ ಕೇಳುಗರ ಬಗ್ಗೆ. ಅವರು ಮೆಚ್ಚುವ ದಾಕ್ಷಾಯಣಿಯ ಪರಿಚಯ ನನಗೂ ಅಷ್ಟಾಗಿಲ್ಲ. ಅವಳಿಗೆ ಶಾಭಾಸ್ ಎಂದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು ನಿಜ, ಆದರೆ ಫೋನ್ ಇಟ್ಟ ಮೇಲೆ ಕೋಣೆ ಮೊದಲಿಗಿಂತ ಬಣಬಣ ಎನ್ನುತ್ತಿತ್ತು. ಬಳಗ ಎಂದರೆ ಏನು ಎಂದು ತರಗತಿಯಲ್ಲಿ ನಮಗೆ ವ್ಯಾಖ್ಯೆ ಕಲಿಸಿದ್ದಾರೆ: ಒಂದು ವಿಷಯ, ಅದರಲ್ಲಿ ಆಸಕ್ತರು, ಅವರ ನಡುವೆ ಮಾಹಿತಿಯ ಹರಿವು. ಸಂಜೆ ಬಳಗದಲ್ಲಿ ಮಾಹಿತಿ ಹರಿಯುತ್ತಲೇ ಇರಲಿಲ್ಲ. ಅಲ್ಲಿ ಇದ್ದದ್ದು ಕಾಯುವವರು. ನನ್ನ ಮಾತಿಗೆ ಜೀವಮಾನದಲ್ಲಿ ಯಾರೂ ಹಾಗೆ ಕಾದಿರಲಿಲ್ಲ, ಅದು ನೆನಪಾಗಿ ಮೆಟ್ಟಿಲ ಮೇಲೆ ಕೂತೇ ಅತ್ತೆ.

ಮಾರನೆಯ ಬೆಳಿಗ್ಗೆ ಮೇಡಂ ಮುಂದೆ ನಿಂತೆ. ಒಪ್ಪಿಗೆ ವಾಪಸ್ ಬೇಕೆಂದು ಸನ್ನೆ, ಮುರುಕು ಮಾತು ಎರಡೂ ಸೇರಿಸಿ ತಿಳಿಸಿದೆ. ಮೇಡಂ ಕನ್ನಡಕ ತೆಗೆದರು.

“ಒಪ್ಪಿಗಿ ಮ್ಯಾಲೆ ಕಮಿಟಿಗೆ ಹೋಗೇತಿ. ಈಗ ಆಕ್ಷೇಪಣಾ ಅಂತ ಎತ್ತಬೇಕು. ಒಪ್ಪಿಗಿ ಹಾಕಿದವರ ಖುದ್ದು ಹೋಗಬೇಕು. ಬರದು ಕೊಟ್ರ ತಗೊಳ್ಳೂದಿಲ್ಲ, ಯಂತ್ರ ಬರದದ್ದೋ ಏನೋ ಅಂತಾರ. ಅಲ್ಲಿ ಇಸ್ತ್ರಿನೂ ನಡಿಯೂದಿಲ್ಲ, ದನಿ ನಿಮ್ಮದ ಅಂತ ಖಾತ್ರಿ ಆಗಬೇಕು.” ಕನ್ನಡಕ ಮತ್ತೆ ಹಾಕಿಕೊಂಡರು. “ನಿಮಗ ಎರಡು ನಿಮಿಷ ಕೊಡ್ತಾರ. ನಡಾವಳಿ ಎಲ್ಲಾರಿಗೂ ಕೇಳಾಕ ಸಿಗತೈತಿ. ನಿಮ್ಮ ಓದುಮನಿ ನಾನೂ ಕೇಳ್ತೀನಿ, ದಾಕ್ಷಾಯಣಿ. ವಿಚಾರ ಮಾಡ್ರಿ.”

ವಿಚಾರ ಮಾಡಿದೆ. ನಾನು ಸುಮ್ಮನಿದ್ದರೆ ಮುಮ್ತಾಜಳ ದನಿ ಗಾಜಿಗೆ ಹೋಗುತ್ತದೆ, ಅದರ ಮೇಲೆ ಸಾವಿರ ವರ್ಷ ಅವಳು ಒಂದೇ ಹೆಸರು ಹೇಳುತ್ತಿರುತ್ತಾಳೆ, ‘ಬಂತು’ ಎನ್ನಲು ಯಾರೂ ಇರುವುದಿಲ್ಲ. ಮಾತಾಡಿದರೆ ನನ್ನ ಗುಟ್ಟು ರಟ್ಟು, ಮಾತಾಡಿಯೂ ಎರಡು ನಿಮಿಷದಲ್ಲಿ ನನ್ನಿಂದ ಒಂದು ವಾಕ್ಯ ಹೊರಬೀಳುವ ಭರವಸೆಯಿಲ್ಲ. ಯಾರನ್ನಾದರೂ ಕಳಿಸಬಹುದಿದ್ದರೆ ನಾನು ಖಂಡಿತ ಕಳಿಸುತ್ತಿದ್ದೆ. ಯಾರೂ ಇರಲಿಲ್ಲ.

ಕಳೆ ಸಮಿತಿಯ ಸಭೆ ಮೇಲಿನ ಮಹಡಿಯಲ್ಲಿ. ಅಧ್ಯಕ್ಷರು ಅಂದಾನಪ್ಪ ಹಿರೇಗೌಡರ, ನಿವೃತ್ತ ಪ್ರೊಫೆಸರರು, ಒಳ್ಳೆಯವರು, ಆದರೆ ಅವರ ಒಳ್ಳೆಯತನಕ್ಕೆ ಯಾವಾಗಲೂ ಅವಸರ. ಅವರ ಜೊತೆ ಇನ್ನು ನಾಲ್ವರು ಸದಸ್ಯರು. ಇನಾಂದಾರ ಮೇಡಂ ಯಂತ್ರದ ಪಕ್ಕ ಕೂತಿದ್ದರು. ಅವರ ಮೇಜಿನ ಮೇಲೆ ಒಂದು ಸಭಾ ಗಡಿಯಾರ. ನಡಾವಳಿ ಬರೆಯುವ ಯಂತ್ರಕ್ಕೆ ಜೋಡಿಸಿದ್ದು ಅದು. ಸದಸ್ಯರು ನಡುವೆ ಬಾಯಿ ಹಾಕಿ, ಕೆಮ್ಮಿ, ಚಹಾ ಕೇಳಿ ಮಾತಾಡುವವರ ಸಮಯ ತಿನ್ನುತ್ತಾರೆಂದು ಗಲಾಟೆಯಾಗಿತ್ತಂತೆ. ಅದಕ್ಕೆ ಹಿರೇಗೌಡರೇ ಒಂದು ನಿಯಮ ತಂದಿದ್ದರು: ಮಾತಾಡುವವರ ಪದಗಳಿಗೆ ಹಿಡಿದ ಹೊತ್ತನ್ನು ಮಾತ್ರ ಗಡಿಯಾರ ಎಣಿಸಬೇಕು.

“ಹೇಳ್ರಿ, ತಂಗಿ,” ಎಂದರು ಅಧ್ಯಕ್ಷರು.

“ಸಂ...” ಎಂದೆ. ಅಷ್ಟಕ್ಕೇ ನಿಂತಿತು. ಬಾಯಿ ತೆರೆದಿದೆ, ಉಸಿರಿದೆ, ಮಾತು ಗಂಟಲಲ್ಲಿ ಬೀಗ ಹಾಕಿಕೊಂಡು ಕೂತಿದೆ.

“ಸಂಗೀತ ಬಳಗ?” ಎಂದರು ಅಧ್ಯಕ್ಷರು ಸಹಾಯಕ್ಕೆ.

ಅಲ್ಲವೆಂದು ತಲೆಯಾಡಿಸಿದೆ.

“ಸಂಪಾದಕರ ಬಳಗ? ಸಂಡಿಗಿ?”

ಒಬ್ಬ ಸದಸ್ಯರು ನಕ್ಕರು. ಆಮೇಲೆ ನನ್ನ ಮುಖ ನೋಡಿ ಕೈಲಿದ್ದ ಕಾಗದ ತಿರುವಿದರು. ಅಧ್ಯಕ್ಷರಿಗೂ ಆಗ ಹೊಳೆದಿರಬೇಕು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ನಾನು ಮೇಜಿನ ಅಂಚು ಹಿಡಿದುಕೊಂಡೆ. ‘ಸಂಜೆ’ ಬಂತು. ‘ಬಳಗ’ ಬಂತು. ‘ಗಾಜಿಗೆ’ ಎಂಬಲ್ಲಿ ಮತ್ತೆ ಎಷ್ಟೋ ಹೊತ್ತು ಸಿಕ್ಕಿಬಿದ್ದೆ. ನಾಚಿಕೆಯಿಂದ ಕಿವಿ ಕೆಂಡವಾಗಿತ್ತು. ಗೋಡೆಯ ಗಡಿಯಾರದ ಮುಳ್ಳು ಎಲ್ಲೋ ಹೋಗಿತ್ತು. ಎರಡು ನಿಮಿಷ ಯಾವಾಗಲೋ ಮುಗಿದಿತ್ತೆಂದು ನನಗೂ ಗೊತ್ತಿತ್ತು.

ಅಧ್ಯಕ್ಷರು ನಿಜವಾದ ಸಂಕಟದಿಂದಲೇ ಹೇಳಿದರು: “ತಂಗಿ, ತಪ್ಪ ತಿಳಕೋಬ್ಯಾಡ್ರಿ. ಟೈಮ್ ಆತು. ನಿಯಮ ಎಲ್ಲಾರಿಗೂ ಒಂದ.”

“ಆಗಿಲ್ರಿ ಸರ್,” ಎಂದರು ಇನಾಂದಾರ ಮೇಡಂ.

“ಅಂದ್ರ?”

ಮೇಡಂ ಸಭಾ ಗಡಿಯಾರವನ್ನು ಅವರತ್ತ ತಿರುಗಿಸಿದರು. ಅದರ ಮುಳ್ಳು ಹೊರಟ ಜಾಗದಿಂದ ಒಂದಿಷ್ಟು ಅಲುಗಿತ್ತು ಅಷ್ಟೆ. ಪದ ಎಣಿಸುವಾಗ ಯಂತ್ರ ತನ್ನ ಮಟ್ಟಿಗೆ ಇಸ್ತ್ರಿ ಮಾಡಿಕೊಂಡೇ ಕೇಳುತ್ತದೆ. ಅದರ ಕಿವಿಗೆ ನಾನು ಇಷ್ಟು ಹೊತ್ತಿನಲ್ಲಿ ಆಡಿದ್ದು ಮೂರು ಪದ. ಉಳಿದದ್ದು ಅದರ ಲೆಕ್ಕದಲ್ಲಿ ನಡೆದೇ ಇಲ್ಲ.

“ನಿಮ್ಮದ ನಿಯಮ ಸರ್,” ಎಂದರು ಮೇಡಂ, ಮುಖದಲ್ಲಿ ನಗುವಿಲ್ಲದೆ. “ಇವರ ಟೈಮ್ ಇನ್ನೂ ಬೇಕಾದಷ್ಟೈತಿ.”

ಹಿರೇಗೌಡರು ಕೋಟಿನ ಗುಂಡಿ ಬಿಚ್ಚಿ ನೆಟ್ಟಗೆ ಕೂತರು. ಯಾರೋ ಚಹಾ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿದರು. ಈಗ ಅವರಿಗೆ ಬೇರೆ ದಾರಿಯಿರಲಿಲ್ಲ, ಕಾಯಬೇಕು. ನನಗೂ ಓಡಿಹೋಗುವ ದಾರಿಯಿರಲಿಲ್ಲ, ಹೇಳಬೇಕು. ವಿಚಿತ್ರವೆಂದರೆ ಹೊತ್ತು ಮುಗಿಯುವುದಿಲ್ಲವೆಂದು ತಿಳಿದ ಕ್ಷಣ ಗಂಟಲಿನ ಬಿಗಿ ಸ್ವಲ್ಪ ಸಡಿಲವಾಯಿತು. ಉಗ್ಗುತ್ತಲೇ ಹೇಳಿದೆ. ಸಂಜೆ ಬಳಗವನ್ನು ಗಾಜಿಗೆ ಕಳಿಸಬೇಡಿ. ಅಲ್ಲಿ ಒಂದೇ ಮಾತಿನ ಸಾವಿರ ಪ್ರತಿಗಳಿವೆ ಎಂದು ಬರೆದವಳು ನಾನೇ. ಆದರೆ ಅವು ಪ್ರತಿಗಳಲ್ಲ. ಒಂದೊಂದು ಸಲವೂ ಆ ಹೆಸರನ್ನು ಹೊಸದಾಗಿ ಗೆದ್ದು ತರಬೇಕು, ಅದಕ್ಕೆ ಆಚೆ ಕಡೆ ಕಾಯುವವರು ಬೇಕು. ನಮ್ಮ ಯಂತ್ರ ಹೆಸರನ್ನು ಇಟ್ಟುಕೊಂಡು ಕಾದದ್ದನ್ನು ಎಸೆದಿದೆ. ಎಸೆದದ್ದೇ ಆ ಬಳಗ.

ಇಲ್ಲಿ ಒಂದೇ ಉಸಿರಿನಲ್ಲಿ ಬರೆದದ್ದನ್ನು ಅಲ್ಲಿ ಹೇಳಲು ಎಷ್ಟು ಹೊತ್ತು ಹಿಡಿಯಿತೋ ದೇವರೇ ಬಲ್ಲ. ಬಾಗಿಲಲ್ಲಿ ಚಹಾ ಆರಿ ತಣ್ಣಗಾಗಿತ್ತು. ಹಿರೇಗೌಡರು ಗೋಡೆಯ ಗಡಿಯಾರವನ್ನೊಮ್ಮೆ ನೋಡಿದರು, ಮೇಜಿನ ಗಡಿಯಾರವನ್ನೊಮ್ಮೆ ನೋಡಿದರು. ಮೇಜಿನದರಲ್ಲಿ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ.

“ಅಲ್ಲಾ, ಇಷ್ಟ್ ಹೊತ್ತು ಎಲ್ಲಿ ಹೋತ್ರೀ?” ಎಂದರು, ತಮಗೇ ಎಂಬಂತೆ.

“ಎ... ಎಲ್ಲೂ ಹೋಗಿಲ್ರಿ ಸರ್,” ಎಂದೆ. “ನೀವು ಕೇ... ಕೇಳಿದ್ರಲ್ಲಾ.”

ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ನಡೆದದ್ದು ಮಾಮೂಲಿ ಸಭೆಯ ವ್ಯವಹಾರ. ಒಬ್ಬರು ವಿದ್ಯುತ್ತಿನ ಪ್ರಶ್ನೆ ಎತ್ತಿದರು, ಇನ್ನೊಬ್ಬರು ನಿಯಮ ತಿದ್ದಲು ಮೇಲಿನವರ ಅನುಮತಿ ಬೇಕೆಂದರು, ಬಳಗ ತೂಗುವ ಯಂತ್ರಕ್ಕೆ ಮೂಲ ಧ್ವನಿಯನ್ನೇ ಕೊಡುವುದು ಕಷ್ಟವೇನಲ್ಲ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಎಂದರು ಮೇಡಂ. ಸಂಜೆ ಬಳಗ ಉಳಿಯಿತು. ಈ ಬೇಸಿಗೆಗೆ ಗಾಜಿಗೆ ಹೊರಟಿದ್ದ ಉಳಿದ ಬಳಗಗಳನ್ನೂ ಇಸ್ತ್ರಿಯಿಲ್ಲದೆ ಇನ್ನೊಮ್ಮೆ ಕೇಳಿಯೇ ಕಳಿಸಬೇಕೆಂದು ನಿರ್ಣಯವಾಯಿತು. ಹಾಗೆ ಕೇಳುವ ಕೆಲಸವನ್ನು ನನಗೇ ಗಂಟುಹಾಕಿದರು. ಬೇಕಾದರೆ ನಡಾವಳಿಗೆ ಇಸ್ತ್ರಿ ಹಾಕಿಸುತ್ತೇವೆ ಎಂದರು, ಇಸ್ತ್ರಿ ಮಾಡದೆ ಹಾಗೇ ಇಡಬೇಕೆಂದು ನಾನು ಕೇಳಿಕೊಂಡೆ. ಇಟ್ಟರು. ಓದುಮನೆಯ ಕೇಳುಗರಲ್ಲಿ ಎಷ್ಟು ಜನ ಅದನ್ನು ಕೇಳಿ ಬಿಟ್ಟುಹೋದರೆಂದು ನಾನು ಇನ್ನೂ ನೋಡಿಲ್ಲ, ನೋಡುವ ಅವಸರವೂ ಇಲ್ಲ.

ಆ ಸಂಜೆ ಬಳಗದಲ್ಲಿ ಎಲ್ಲರೂ ಬೇಗನೆ ಸೇರಿದ್ದರು. ಗಾಜಿನ ಸುದ್ದಿ ಅವರಿಗೆ ಆಗಲೇ ನೋಟಿಸಿನಿಂದ ತಿಳಿದಿತ್ತು, ಸಮಿತಿ ಇವತ್ತೇ ಸೇರುತ್ತದೆಂದೂ ಗೊತ್ತಿತ್ತು, ಏನಾಯಿತೆಂದು ಗೊತ್ತಿರಲಿಲ್ಲ. ನಾನು ಭಂಡಾರದವಳು, ಸಭೆಯಲ್ಲಿದ್ದೆ ಎಂದು ಹೇಳಿಕೊಂಡೆ. ಇಸ್ತ್ರಿ ತೆಗೆದಿದ್ದೆ, ಆದ್ದರಿಂದ ಅಷ್ಟು ಹೇಳುವುದಕ್ಕೇ ಸಾಕುಸಾಕಾಯಿತು. ಆಮೇಲೆ ಒಂದೇ ಒಂದು ಪದ ಬಾಕಿಯಿತ್ತು. ಅದು ಬರಲಿಲ್ಲ.

ಬಾಯಿ ತೆರೆದುಕೊಂಡು ಕೂತೆ. ಆಚೆ ಹೊಸಪೇಟೆಯಲ್ಲಿ, ಕುಷ್ಟಗಿಯಲ್ಲಿ, ಇನ್ನೆಲ್ಲೆಲ್ಲೋ, ಅಷ್ಟೂ ಜನ ಉಸಿರು ಹಿಡಿದಿದ್ದರು. ಅವರ ಸಂಜೆಗಳೆಲ್ಲ ನನ್ನ ಆ ಒಂದು ಪದದಲ್ಲಿದ್ದವು. ಯಾರಾದರೂ ‘ಉಳಿತೋ ಇಲ್ಲೋ’ ಎಂದು ಕೇಳಿಬಿಟ್ಟಿದ್ದರೆ ನಾನು ಹೂಂ ಎನ್ನುತ್ತಿದ್ದೆ, ಅಲ್ಲಿಗೆ ಎಲ್ಲರ ಸಂಕಟ ಮುಗಿಯುತ್ತಿತ್ತು. ಮುಮ್ತಾಜ್ ಅಳು ತಡೆದುಕೊಳ್ಳುತ್ತಿರುವುದು ನನಗೆ ಕೇಳಿಸುತ್ತಿತ್ತು. ಟೋಪಣ್ಣನೋ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ಒಬ್ಬರೂ ಕೇಳಲಿಲ್ಲ. ನನ್ನ ಮಾತು ನನಗೇ ಬಿಟ್ಟುಕೊಟ್ಟು ಕೂತಿದ್ದರು.

“ಉ...” ಎಂದೆ. ಅವರು ಕಾದರು.

“ಉಳೀತು,” ಎಂದೆ.